ಈಚಲ ಮರದ ಕೆಳಗೆ ಮಜ್ಜಿಗೆ

ಟಿನ್ ಫ್ಯಾಕ್ಟರಿಯಲ್ಲಿ ಬೆಳಗಿನ ಜಾವ ಐದೂವರೆಗೆ ಬಸ್ಸಿಗಾಗಿ ಕಾಯುತ್ತ ನಿಂತಿದ್ದಾಗ ನನಗೆ ಇದ್ದಕ್ಕಿದ್ದಂತೆ ನಗು ಬಂತು. ಐವತ್ತಾರು ದಾಟಿದ ಹೆಂಗಸು ನಾನು. ತಲೆಗೆ ಶಾಲು ಸುತ್ತಿಕೊಂಡು, ಬ್ಯಾಗಿನಲ್ಲಿ ನೀರಿನ ಬಾಟಲಿ, ಒಂದು ಡಬ್ಬಿ ಚಕ್ಕುಲಿ, ಬಿ.ಪಿ. ಮಾತ್ರೆ ಇಟ್ಟುಕೊಂಡು ಗಂಡನ ಜೊತೆ ಹೊರಟಿರುವುದು ಎಲ್ಲಿಗೆ? ಪಕ್ಕದಲ್ಲಿ ಹೂವಿನ ಬುಟ್ಟಿ ಇಳಿಸಿಕೊಂಡು ಕುಳಿತಿದ್ದಾಕೆ ಮಾತಿಗೆ ಮಾತು ಸೇರಿಸಲು, "ತಿರುಪತಿಗಾಮ್ಮ?" ಎಂದು ಕೇಳಿದಳು. "ಹೂಂ, ಆ ಕಡೆಗೇ" ಎಂದೆ. ಸುಳ್ಳೇನಲ್ಲ, ದಾರಿ ಅದೇ. ಹೆಂಡ ಕುಡಿಯಲು ಹೊರಟಿದ್ದೇವೆ ಎಂದು ಹೇಳಲು ನಾಲಿಗೆ ಹೇಗೆ ಹೊರಳಬೇಕು, ನೀವೇ ಹೇಳಿ.

ಟಿನ್ ಫ್ಯಾಕ್ಟರಿ ಎಂದರೆ ನಮಗೆ ಫ್ಯಾಕ್ಟರಿಯಲ್ಲ, ಬಸ್ ಸ್ಟಾಪು. ಕಂಡಕ್ಟರುಗಳ ಬಾಯಲ್ಲಿ ಅದು 'ಟಿಂಫ್ಯಾಕ್ಟ್ರಿ'. ಹಳೇ ಮದ್ರಾಸ್ ರಸ್ತೆ ಹೊರ ವರ್ತುಲ ರಸ್ತೆಯನ್ನು ಕೂಡುವ ಈ ಜಾಗ ಕೋಲಾರ, ಮುಳಬಾಗಿಲು, ಚಿಂತಾಮಣಿ, ಕೆ.ಜಿ.ಎಫ್. ಕಡೆಯವರಿಗೆಲ್ಲ ಬೆಂಗಳೂರಿನ ಬಾಗಿಲು. 2003ರಲ್ಲಿ ಕೆ.ಆರ್. ಪುರದ ತೂಗುಸೇತುವೆ ಆದಾಗ ಮಕ್ಕಳ ಕೈ ಹಿಡಿದು ತೋರಿಸಲು ಹೋಗಿದ್ದೆವು. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಮೆಟ್ರೋ ಓಡತೊಡಗಿತು. ತಲೆಯ ಮೇಲೆ ಏನೇನೇ ಬಂದರೂ ಕೆಳಗಿನ ರಸ್ತೆ ಬದಲಾಗಿಲ್ಲ. ಅದೇ ಧೂಳು, ಅದೇ ಹಾರನ್ನು, ಕೋಲಾರ ಕೋಲಾರ ಎಂದು ಕೂಗುವ ಅದೇ ಗಂಟಲುಗಳು. ಮೂವತ್ತೈದು ವರ್ಷ ಇವರು ಇದೇ ರಸ್ತೆಯಲ್ಲಿ ಸೈಕಲ್ಲು, ಆಮೇಲೆ ಸ್ಕೂಟರು ತುಳಿದು ಕಾರ್ಖಾನೆಗೆ ಹೋಗಿಬಂದವರು. ನಿವೃತ್ತಿಯಾಗಿ ಆರು ತಿಂಗಳಾಗಿತ್ತು. ಆ ದಿನ ಕೈಯಲ್ಲಿ ಟಿಫಿನ್ ಕ್ಯಾರಿಯರ್ ಇಲ್ಲದೆ ನಿಂತಿದ್ದ ಇವರು ಯಾರದೋ ಮನೆಯ ಹುಡುಗನ ಹಾಗೆ ಕಾಣುತ್ತಿದ್ದರು.

ನಿವೃತ್ತಿಯ ದಿನ ಮಗಳು ಕೇಳಿದ್ದಳು, "ಅಪ್ಪಾ, ನಿಮಗೇನು ಬೇಕು?" ವಾಚು, ಫೋನು, ಕಾಶಿಯಾತ್ರೆ ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದೆವು. ಇವರು ಬಹಳ ಹೊತ್ತು ಸುಮ್ಮನಿದ್ದು, ನನ್ನ ಮುಖ ನೋಡದೆ, "ನಮ್ಮಜ್ಜಿ ಊರಲ್ಲಿ ಒಂದು ಲೋಟ ಈಚಲು ಹೆಂಡ ಕುಡೀಬೇಕು. ಇವಳೂ ಜೊತೆಗೆ ಬರಬೇಕು" ಎಂದರು.

ಮಗಳು ನಕ್ಕಳು. ನಾನು ಎದ್ದು ಅಡುಗೆಮನೆಗೆ ಹೋದೆ.

ಕಾರಣ ಹೇಳಬೇಕಾದರೆ ಹಿಂದಕ್ಕೆ ಹೋಗಬೇಕು. ನಾನು ಹುಟ್ಟಿ ಬೆಳೆದದ್ದು ಹಲಸೂರಿನ ಒಂದು ವಠಾರದಲ್ಲಿ. ನಮ್ಮ ತಂದೆ ಗಾರೆ ಕೆಲಸದವರು. ಕೆಲಸ ಬಲ್ಲವರು, ಕೈ ಶುದ್ಧ, ಮಾತು ಮೃದು. ಇದೆಲ್ಲ ಸಂಜೆ ಆರರವರೆಗೆ. ಆಮೇಲಿನ ತಂದೆ ಬೇರೆ. ಸಾರಾಯಿ ಪ್ಯಾಕೆಟ್ಟನ್ನು ಹಲ್ಲಿನಿಂದ ಕಚ್ಚಿ ಹರಿಯುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಈಗಿನ ಮಕ್ಕಳು ಹಾಲಿನ ಪ್ಯಾಕೆಟ್ಟನ್ನು ಹಾಗೆ ಕಚ್ಚಿದರೆ ಕೆಟ್ಟ ಸಿಟ್ಟು ಬರುತ್ತದೆ. ಅವಕ್ಕೆ ಏಕೆಂದು ತಿಳಿಯುವುದಿಲ್ಲ. ಅಪ್ಪ ಮಲಗಿದ ಮೇಲೆ ಖಾಲಿ ಪ್ಯಾಕೆಟ್ಟುಗಳನ್ನು ಎಣಿಸುವುದು ನನ್ನ ಕೆಲಸವಾಗಿತ್ತು. ಎರಡಾದರೆ ನಾಳೆ ಕೆಲಸಕ್ಕೆ ಹೋಗುತ್ತಾರೆ. ನಾಲ್ಕಾದರೆ ಇಲ್ಲ. ಅಮ್ಮ ಬೆಳಿಗ್ಗೆ ಅದನ್ನು ಕೇಳಿಯೇ ಅಕ್ಕಿ ಅಳೆಯುತ್ತಿದ್ದಳು.

1981ರ ಜುಲೈ. ನನಗೆ ಹದಿಮೂರು. ಬೆಂಗಳೂರಿನಲ್ಲಿ ವಿಷದ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಆ ಜುಲೈ. ಅದರಲ್ಲಿ ಮೀಥೈಲ್ ಆಲ್ಕೊಹಾಲ್ ಬೆರೆತಿತ್ತು. ಹೊಟ್ಟೆಗೆ ಹೋದ ಮೇಲೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನೇ ಹಿಡಿಯುತ್ತದೆ ಎಂದು ನಾನು ಓದಿ ತಿಳಿದುಕೊಂಡದ್ದು ಬಹಳ ವರ್ಷಗಳಾದ ಮೇಲೆ. ಆಗ ನಾವು ಕಂಡದ್ದಿಷ್ಟೇ: ಎದುರು ಮನೆಯ ಮಾಮ ಹಾಡುಹಗಲಲ್ಲಿ ಹೊಸ್ತಿಲ ಮೇಲೆ ಕುಳಿತು, "ಯಾಕೆ ಯಾರೂ ದೀಪ ಹಚ್ಚಿಲ್ಲ?" ಎಂದು ಬೈಯುತ್ತಿದ್ದರು. ಮಾರನೆಯ ದಿನ ಅವರಿರಲಿಲ್ಲ. ಅಪ್ಪ ಬದುಕಿದ್ದು ಪುಣ್ಯದಿಂದಲ್ಲ, ಆ ವಾರ ಕೂಲಿ ಸಿಕ್ಕಿರಲಿಲ್ಲ ಅಷ್ಟೆ. ಒಂದು ತಿಂಗಳು ಮುಟ್ಟಲಿಲ್ಲ. ಆಮೇಲೆ ಮತ್ತೆ ಶುರು. 1986ರಲ್ಲಿ ಕಣ್ಣು, ಉಗುರು ಎಲ್ಲ ಅರಿಸಿನದ ಹಾಗೆ ಹಳದಿಯಾಗಿ ತೀರಿಕೊಂಡರು.

ಹೀಗಾಗಿ 1989ರಲ್ಲಿ ಇವರ ಕಡೆಯಿಂದ ಸಂಬಂಧ ಬಂದಾಗ ಅಮ್ಮ ಜಾತಕ ನೋಡಲಿಲ್ಲ, ಸಂಬಳ ಕೇಳಲಿಲ್ಲ. "ಹುಡುಗನ ತಾಯಿಯ ಕಡೆಯವರು ಹೆಂಡ ಇಳಿಸುವವರಂತೆ. ನನಗೆ ಬೇಡ" ಎಂದಳು. ನಾವೂ ಮೂಲದಲ್ಲಿ ಅದೇ ಕಸುಬಿನ ಜನ, ನಮ್ಮ ಮುತ್ತಾತನೂ ಮರ ಹತ್ತಿದವನೇ ಎಂದು ಸೋದರಮಾವ ನೆನಪಿಸಿದರೂ ಕೇಳಲಿಲ್ಲ. ಕೊನೆಗೆ ಹುಡುಗನೇ ನಮ್ಮ ಮನೆಗೆ ಬಂದು, ಅಮ್ಮನ ಮುಂದೆ ನಿಂತು, "ಅಮ್ಮಾ, ನಾನು ಇದುವರೆಗೂ ಕುಡಿದಿಲ್ಲ ಅಂತ ಹೇಳಲ್ಲ. ಇನ್ನು ಕುಡಿಯಲ್ಲ ಅಂತ ಹೇಳ್ತೀನಿ" ಎಂದರು. ಅಮ್ಮ ಆ ಮಾತಿಗೆ ಒಪ್ಪಿದಳೋ, ಅದನ್ನು ಹೇಳಿದ ರೀತಿಗೆ ಒಪ್ಪಿದಳೋ ಗೊತ್ತಿಲ್ಲ. ಮೂವತ್ತೈದು ವರ್ಷ ಇವರು ಆ ಮಾತು ನಡೆಸಿದರು. ನಾನು ಅದನ್ನು ನಡೆಸಿದ ಬಗೆಯನ್ನೂ ಹೇಳಬೇಕು. ಇವರ ಅಜ್ಜಿಯ ಊರಿಗೆ ಮದುವೆಯಾದ ಹೊಸದರಲ್ಲಿ ಒಮ್ಮೆ ಹೋಗಿ ಬಂದವಳು ಮತ್ತೆ ಕಾಲಿಡಲಿಲ್ಲ. ಆ ಕಡೆಯ ನೆಂಟರು ಬಂದರೆ ಕಾಫಿ ಕೊಟ್ಟೆ, ಊಟ ಹಾಕಿದೆ, 'ಇರಿ' ಎನ್ನಲಿಲ್ಲ. ರೇಡಿಯೋದಲ್ಲಿ ಜಿ.ಪಿ. ರಾಜರತ್ನಂ ಅವರ ರತ್ನನ ಪದಗಳು ಬಂದರೆ ಕಿವಿ ತಿರುವಿ ಆರಿಸುತ್ತಿದ್ದೆ. ಸ್ವತಃ ಕುಡಿಯದ ಆ ಮೇಷ್ಟ್ರು ಹೆಂಡಕುಡುಕನ ಬಾಯಲ್ಲಿ ಎಷ್ಟು ಚೆಂದದ ಕನ್ನಡ ಆಡಿಸಿದರು ಎಂದು ಇಡೀ ನಾಡು ತಲೆದೂಗುತ್ತದೆ, ದೂಗಲಿ. ಆದರೆ ರತ್ನನ ಹೆಂಡತಿ ನಂಜಿಯನ್ನು ಕರೆದು, 'ನೀನೂ ಒಂದು ಪದ ಹೇಳಮ್ಮ' ಎಂದು ಯಾರಾದರೂ ಕೇಳಬೇಕಿತ್ತು ಎಂಬುದು ನನ್ನ ಹಳೆಯ ತಕರಾರು.

ಅಂಥವಳು ಹೊರಟದ್ದು ಯಾಕೆ? ಮೊದಲು ಮಗಳು ಒಂದು ನಡುದಾರಿ ತೋರಿಸಿದಳು. ಇಂದಿರಾನಗರದಲ್ಲಿ ಅಲ್ಲೇ ಬೀರು ಕಾಯಿಸಿ ಅಲ್ಲೇ ಬಡಿಸುವ ದೊಡ್ಡ ದೊಡ್ಡ ಹೋಟೆಲುಗಳಾಗಿವೆಯಂತೆ, ಹೆಂಗಸರು ಮಕ್ಕಳು ಎಲ್ಲರೂ ಹೋಗುತ್ತಾರಂತೆ, ಅಪ್ಪನಿಗೆ ಒಂದು ಲೋಟ ಕೊಡಿಸಿ ಮುಗಿಸೋಣ ಎಂದಳು. ಬೆಂಗಳೂರಿಗೂ ಬೀರಿಗೂ ಹಳೆಯ ನಂಟು ಎಂದು ಪಾಠವನ್ನೂ ಹೇಳಿದಳು. ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್‌ಲೆಂಡಿನವನು 1915ರಲ್ಲಿ ದಕ್ಷಿಣದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದನಂತೆ. ದಂಡಿನ ಸೋಲ್ಜರುಗಳಿಗೆ ದೊಡ್ಡ ಪೀಪಾಯಿಗಳಲ್ಲಿ, ಎತ್ತಿನ ಗಾಡಿಯ ಮೇಲೆ ಬೀರು ಹೋಗುತ್ತಿತ್ತಂತೆ. ಇವರು ಎಲ್ಲ ಕೇಳಿಸಿಕೊಂಡು, "ನನಗೆ ಬೀರು ಬೇಡಮ್ಮ. ಕುಡಿಯೋ ಆಸೆಯಿಂದ ಕೇಳಿದ್ದಲ್ಲ" ಎಂದರು. ಮತ್ತೇನಾಸೆ ಎಂದು ಮಗಳು ಕೇಳಲಿಲ್ಲ. ನಾನೂ ಕೇಳಲಿಲ್ಲ. ಆದರೆ ಆ ಮಾತು ಎಲ್ಲೋ ಮುಳ್ಳಿನ ಹಾಗೆ ಉಳಿಯಿತು. 2025ರ ಜನವರಿ, ಸಂಕ್ರಾಂತಿ ಮುಗಿದ ಮಾರನೆಯ ವಾರ, "ಅವರೆಕಾಯಿ ಕಾಲ. ಚಳಿ ಬೇರೆ. ಈಗಲೇ ಮರ ಚೆನ್ನಾಗಿ ಸುರಿಯೋದು" ಎಂದು ಇವರು ತಮಗೆ ತಾವೇ ಹೇಳಿಕೊಂಡಂತೆ ಹೇಳಿದಾಗ ನಾನು, "ಭಾನುವಾರ ಹೋಗೋಣ ರೀ" ಎಂದುಬಿಟ್ಟೆ.

ಗಡಿಯಾಚೆಯ ಊರು ಅದು. ಕರಾವಳಿಯ ತೆಂಗಿನ ಕಳ್ಳಿನ ಮಾತು ಬೇರೆ. ನಮ್ಮ ಕೋಲಾರದ ಸೀಮೆಯಲ್ಲಿ ಈಚಲು ಹೆಂಡದ ಅಂಗಡಿಗಳು ಮುಚ್ಚಿ ಬಹಳ ವರ್ಷಗಳಾದವು. ಆಂಧ್ರದ ಕಡೆ ಮರ ಹತ್ತುವವರ ಸಹಕಾರ ಸಂಘಗಳಿಗೆ ಪರವಾನಗಿ ಇದೆ. ಮುಳಬಾಗಿಲು ದಾಟಿ, ನಂಗಲಿ ದಾಟಿದರೆ ಅದೇ ಮಣ್ಣು, ಅದೇ ಬಂಡೆಗುಡ್ಡ, ಅದೇ ಮುದ್ದೆ. ಕಾನೂನು ಮಾತ್ರ ಬೇರೆ.

ಬಸ್ಸು ಬಂತು. 2023ರ ಜೂನ್ 11ರಿಂದ ನಮಗೆ ಟಿಕೆಟ್ಟಿಲ್ಲವಲ್ಲ, ಕಂಡಕ್ಟರ್ ನನಗೆ ಸೊನ್ನೆಯ ಚೀಟಿ ಹರಿದು ಕೊಟ್ಟು, ಇವರ ಕಡೆ ಕೈ ಚಾಚಿದ. "ಹೆಂಡದ ದಾರಿಯಲ್ಲೂ ಹೆಂಗಸಿಗೆ ಪುಕ್ಕಟೆ, ಗಂಡಸಿಗೆ ದುಡ್ಡು" ಎಂದು ಇವರು ಗೊಣಗಿದರು. ಹೊಸಕೋಟೆಯಲ್ಲಿ ಇನ್ನೂ ಬೆಳಕು ಹರಿಯದ ಹೊತ್ತಿಗೇ ಬಿರಿಯಾನಿಗೆ ಸಾಲು! ಸ್ವೆಟರು ಹಾಕಿಕೊಂಡ ಹುಡುಗ ಹುಡುಗಿಯರು ಕೈ ಉಜ್ಜಿಕೊಳ್ಳುತ್ತ ನಿಂತಿದ್ದಾರೆ, ದಾರಿಯುದ್ದಕ್ಕೂ ಕಾರು. ಹಲ್ಲುಜ್ಜಿದ ಕೂಡಲೇ ಮಟನ್ ಬಿರಿಯಾನಿ ತಿನ್ನುವ ಈ ಪೀಳಿಗೆಯ ಹೊಟ್ಟೆಯ ಮೇಲೆ ನನಗೆ ಗೌರವ ಹುಟ್ಟಿತು. ನರಸಾಪುರದ ಕೆರೆಯಲ್ಲಿ ನೀರು ಮಿನುಗುತ್ತಿತ್ತು. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಶುರುವಾದದ್ದು 2018ರಲ್ಲಿ. ನಾವು ಸುರಿದ ಬಚ್ಚಲ ನೀರು ನಮಗಿಂತ ಮೊದಲು ಇಲ್ಲಿಗೆ ಬಂದು ಬೆಳ್ಳಕ್ಕಿಗಳಿಗೆ ಜಾಗ ಮಾಡಿಕೊಟ್ಟಿದೆ. ಮುಳಬಾಗಿಲಿನಲ್ಲಿ ಇಳಿದು ಅಲ್ಲಿನ ದೋಸೆ ತಿಂದೆವು. ಅಂಗೈ ದಪ್ಪ, ತಳ ಕೆಂಪಗೆ ಗರಿಗರಿ, ಒಳಗೆ ಕೆಂಪು ಚಟ್ನಿ, ಮೇಲೆ ತುಪ್ಪ. ಒಂದು ತಿಂದರೆ ಮಧ್ಯಾಹ್ನದ ಚಿಂತೆಯಿಲ್ಲ. ನಾನು ಒಂದೂವರೆ ತಿಂದೆ. ಹೆದರಿಕೆಯಾದರೆ ನನಗೆ ಹಸಿವು ಜಾಸ್ತಿ.

ಊರು ತಲುಪಿದಾಗ ಒಂಬತ್ತೂವರೆ. ಇವರ ಸೋದರಮಾವನ ಹೆಂಡತಿ, ಎಂಬತ್ತು ದಾಟಿದ ಮುದುಕಿ, ಬಾಗಿಲಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅಲ್ಲೆಲ್ಲ ಅತ್ತಮ್ಮ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೂವತ್ತೈದು ವರ್ಸ ಆಯ್ತಾ ಕೋಪ ಇಳಿಯಾಕೆ?" ಎಂದರು. ಅರ್ಧ ಕನ್ನಡ, ಅರ್ಧ ತೆಲುಗು. ಬೈಗುಳ ಮಾತ್ರ ಪೂರ್ತಿ ಅರ್ಥವಾಗುತ್ತದೆ. ನಾನು ತಲೆ ತಗ್ಗಿಸಿ, ಅವರೆಕಾಯಿಯ ಮೊರವನ್ನು ನನ್ನ ಕಡೆಗೆ ಎಳೆದುಕೊಂಡೆ. ಅವರ ಬೆರಳುಗಳಿಗೆ ಅಂಟಿದ್ದ ಸೊಗಡು ನನ್ನ ಬೆರಳಿಗೂ ಅಂಟಿತು. ಹೆಂಗಸರ ಮಧ್ಯೆ ರಾಜಿ ಮಾಡಿಸಲು ಅವರೆಕಾಯಿಗಿಂತ ಒಳ್ಳೆಯ ಪಂಚಾಯ್ತಿದಾರ ಇಲ್ಲ.

ಅವರ ಮಗ ನಮ್ಮನ್ನು ಕೆರೆಯ ಏರಿಗೆ ಕರೆದುಕೊಂಡು ಹೋದ. ಐವತ್ತೈದರ ಮೇಲಾದರೂ ಇನ್ನೂ ಮರ ಹತ್ತುತ್ತಾನೆ. ಈಚಲು ಮರವನ್ನು ಹತ್ತಿರದಿಂದ ಆವತ್ತೇ ನೋಡಿದ್ದು ನಾನು. ತೆಂಗಿನಂತೆ ನೀಟಾಗಿ ಇರುವುದಿಲ್ಲ. ಮೈಯೆಲ್ಲ ಕಚ್ಚು. ಒಂದು ವರ್ಷ ಮರದ ಈ ಮಗ್ಗುಲನ್ನು ಕೆತ್ತಿದರೆ ಮರುವರ್ಷ ಆ ಮಗ್ಗುಲು. ಹೀಗಾಗಿ ಮರ ಎಡಕ್ಕೂ ಬಲಕ್ಕೂ ವಾಲಾಡುತ್ತ ಮೇಲಕ್ಕೆ ಹೋದಂತೆ ಕಾಣುತ್ತದೆ. ಕಚ್ಚು ಎಣಿಸಿದರೆ ಮರ ಎಷ್ಟು ವರ್ಷ ಹಾಲು ಕೊಟ್ಟಿದೆ ಎಂದು ಹೇಳಬಹುದಂತೆ. ಎಣಿಸುವುದು ನನಗೆ ಹೊಸದಲ್ಲ. ಕತ್ತು ನೋಯುವವರೆಗೆ ನೋಡಿ ಇಪ್ಪತ್ತಾರು ಎಂದೆ. ಅವನು ಇಪ್ಪತ್ತೆಂಟು ಎಂದ.

ತಲೆಯ ಹತ್ತಿರ ಗರಿಗಳನ್ನು ಕಡಿದು, ಎಳೆಯ ಕಾಂಡವನ್ನು ತೆಳ್ಳಗೆ ಹೆರೆದು, ಒಂದು ಸಣ್ಣ ಕೊಳವೆ ಚುಚ್ಚಿ, ಸಂಜೆ ಹೊತ್ತು ಮಡಕೆ ಕಟ್ಟುತ್ತಾರೆ. ರಾತ್ರಿಯೆಲ್ಲ ತೊಟ್ಟು ತೊಟ್ಟಾಗಿ ಸೋರಿದ್ದನ್ನು ಸೂರ್ಯ ಹುಟ್ಟುವ ಮೊದಲು ಇಳಿಸಬೇಕು. ಚಳಿ ಹೆಚ್ಚಿದಷ್ಟೂ ಸಿಹಿ ಹೆಚ್ಚು. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಅದು ಹುಳಿಯುವುದಿಲ್ಲ, ನೀರಾ ಆಗಿಯೇ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿರುವ, ಮಡಕೆಯಲ್ಲಿರುವ ಹುದುಗೇ ಕೆಲಸ ಶುರು ಮಾಡುತ್ತದೆ. ನಸುಕಿನಲ್ಲಿ ಪಾನಕ, ಹತ್ತು ಗಂಟೆಗೆ ನೊರೆ, ಮಧ್ಯಾಹ್ನಕ್ಕೆ ಹುಳಿ, ಸಂಜೆಗೆ ಮೂಗಿಗೆ ಹೊಡೆಯುವ ಖಾರ. ಮಾರನೆಯ ದಿನಕ್ಕೆ ವಿನೆಗರ್ ಎನ್ನಬೇಕು. "ಇದಕ್ಕೆ ಆಯಸ್ಸು ಒಂದೇ ದಿನ ಅಕ್ಕ. ಅದಕ್ಕೇ ದೂರಕ್ಕೆ ಕಳಿಸೋರು ಪುಡಿ ಬೆರೆಸ್ತಾರೆ. ಆ ಪುಡಿಯ ಹೆಂಡ ಮನುಷ್ಯನ್ನ ಕೆಡಿಸ್ತದೆ" ಎಂದ. ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆಯ ಔಷಧವನ್ನು ಬೆರೆಸಿದ ಹೆಂಡದ ಸುದ್ದಿಯನ್ನು ನಾನೂ ಪೇಪರಿನಲ್ಲಿ ಓದಿದ್ದೆ. ಅದಕ್ಕೇ ಇವರು ಅಂಗಡಿಯ ಕಡೆ ತಿರುಗಿಯೂ ನೋಡದೆ ಮರದ ಬುಡಕ್ಕೇ ಬಂದದ್ದು.

ಚಾಪೆ ಹಾಸಿದರು. ಹುರಿದ ಕಡಲೆಕಾಯಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಿಸಿದ ಹುರುಳಿಕಾಳು, ಒಣಮೀನು ಬಂತು. ಇವರ ಕೈಗೆ ಲೋಟ ಬಂತು. ಅತ್ತಮ್ಮ ನನ್ನ ಕೈಗೆ ದೊಡ್ಡ ಚೊಂಬಿನಲ್ಲಿ ಮಜ್ಜಿಗೆ ಕೊಟ್ಟರು. 'ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ' ಎಂದು ಹುಟ್ಟಿದಾಗಿನಿಂದ ಕೇಳಿದ್ದೆ. ನಿಜವಾಗಿ ಕುಡಿದವರನ್ನು ಕಂಡಿರಲಿಲ್ಲ. ಅಷ್ಟು ಹೊತ್ತಿಗೆ ಏರಿಯ ಮೇಲೆ ಮೊಪೆಡ್ಡಿನಲ್ಲಿ ಹುಲ್ಲು ಹೇರಿಕೊಂಡು ಬಂದವನೊಬ್ಬ ನಿಧಾನಿಸಿ, ನನ್ನ ಚೊಂಬು ನೋಡಿ, "ಬೆಂಗಳೂರಮ್ಮ ಬಾಗಾ ತಾಗುತುಂದೇ!" ಎಂದು ಮೆಚ್ಚಿಕೊಂಡು ಹೋದ. ಚೆನ್ನಾಗಿ ಕುಡಿಯುತ್ತಾಳೆ ಎಂದು! ಅತ್ತಮ್ಮ ಬೊಚ್ಚು ಬಾಯಿ ಬಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನಗು ತಡೆಯಲಿಲ್ಲ, ಮಜ್ಜಿಗೆ ನೆತ್ತಿಗೆ ಹತ್ತಿತು.

ಆದರೆ ನಗುತ್ತಲೇ ನನ್ನ ಕಣ್ಣು ಇವರ ಲೋಟದ ಮೇಲಿತ್ತು. ಒಂದು. ಹೊತ್ತು ಬಿಟ್ಟು ಎರಡು. ಮಾತು ಸ್ವಲ್ಪ ಹೆಚ್ಚಾಯಿತು, ಅಷ್ಟೇ. ಮೂರನೆಯದಕ್ಕೆ ಅವನು ಬಗ್ಗಿಸಲು ಬಂದಾಗ ನಾನು ಬಾಯಿ ತೆರೆಯಲಿಲ್ಲ, ಆಣೆಯಾಗಿಯೂ ಇಲ್ಲ. ಕೈ ಮಾತ್ರ ತಾನಾಗಿಯೇ ಬ್ಯಾಗಿನ ಜಿಪ್ಪನ್ನು ಎಳೆಯಿತು, ಎದ್ದು ಹೋಗುವವರ ಹಾಗೆ. ಇವರು ಆ ಸದ್ದಿಗೆ ತಿರುಗಿ ನೋಡಿ ಲೋಟವನ್ನು ಚಾಪೆಯ ಮೇಲೆ ಬೋರಲು ಹಾಕಿದರು. "ಸಾಕು" ಎಂದರು. ನನಗೆ ಇವರ ಮೇಲೆ ಸಿಟ್ಟು ಬರಲಿಲ್ಲ. ನನ್ನ ಕೈಯ ಮೇಲೆ ಬಂತು. ಅರವತ್ತು ವರ್ಷದ ಗಂಡಸು, ತನ್ನ ಅಜ್ಜಿಯ ಊರಿನ ಮರದ ಕೆಳಗೆ, ಹೆಂಡತಿಯ ಜಿಪ್ಪಿನ ಸದ್ದಿಗೆ ಹೆದರಬೇಕೆ?

ಆಗ ಯಾರೂ ಮಾತನಾಡಲಿಲ್ಲ. ಕೊನೆಗೆ ಇವರೇ ಅತ್ತಮ್ಮನ ಕಡೆ ತಿರುಗಿ, "ತಾತ ಬಿದ್ದ ಮರ ಯಾವುದು?" ಎಂದು ಕೇಳಿದರು.

"ಅದೆಲ್ಲೈತೆ? ರಸ್ತೆ ಅಗಲ ಮಾಡುವಾಗ ಹೋಯ್ತು. ಅಗೋ, ಆ ಕರೆಂಟು ಕಂಬ ಇರೋ ಕಡೆ" ಎಂದು ಅತ್ತಮ್ಮ ಕೈ ತೋರಿಸಿದರು.

ಇವರ ತಾತ ಮರದಿಂದ ಬಿದ್ದು ಸತ್ತದ್ದು ನನಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ, "ತಾತ ಮರದಿಂದ ಬಿದ್ದು ಹೋದರು" ಎಂದು ಇವರು ಒಂದು ಸಾಲು ಹೇಳಿದ್ದರು. ಕುಡಿದು ಹತ್ತಿರಬೇಕು, ಬಿದ್ದಿರಬೇಕು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ತೀರ್ಮಾನಿಸಿಕೊಂಡು ಸುಮ್ಮನಿದ್ದರೂ ಆಗುತ್ತಿತ್ತು. ಮಕ್ಕಳು ದೊಡ್ಡವರಾಗುವಾಗ, ಕುಡಿತ ಏನು ಮಾಡುತ್ತದೆ ಎಂದು ಹೇಳಲು ಎರಡು ಉದಾಹರಣೆ ಕೊಡುತ್ತಿದ್ದೆ. ಒಂದು ನಮ್ಮಪ್ಪ. ಇನ್ನೊಂದು ನಿಮ್ಮಪ್ಪನ ತಾತ. ಇವರು ಅಲ್ಲೇ ಪೇಪರು ಓದುತ್ತ ಕುಳಿತಿರುತ್ತಿದ್ದರು.

ನಾನು ಅತ್ತಮ್ಮನನ್ನು ಕೇಳಿಯೇಬಿಟ್ಟೆ, "ಅವತ್ತು ಕುಡಿದಿದ್ದರಾ?"

ಮುದುಕಿ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. "ಮರ ಹತ್ತೋನು ಕುಡಿದು ಹತ್ತುತಾನೇನವ್ವ? ದಿನಕ್ಕೆ ಇಪ್ಪತ್ತು ಮರ, ಎರಡು ಸಲ. ಹಗ್ಗದಾಗೆ ಜೀವ. ಮಂಜು ಬಿದ್ದು ಮರ ಜಾರ್ತಿತ್ತು. ನಮ್ಮ ಮಾವ ಹೆಂಡ ಮುಟ್ಟುತಾನೇ ಇರಲಿಲ್ಲ, ವಾಸನೆ ಆಗಲ್ಲ ಅಂತಿದ್ರು. ಮಡಕೆ ಹಿಡಿಯಾಕೆ ಕೆಳಗೆ ನಿಂತಿದ್ದೋನು ಇವ್ನೇ. ಹತ್ತು ವರ್ಸ ಇವನಿಗೆ. ಎಲ್ಡು ದಿನ ಮಾತೇ ಆಡಿರಲಿಲ್ಲ."

1974ರ ಮಾತು. ಇವರು ಕರೆಂಟು ಕಂಬವನ್ನೇ ನೋಡುತ್ತಿದ್ದರು. ನಾನು ಏನು ಹೇಳಬೇಕೆಂದು ತಿಳಿಯದೆ, "ನೀವ್ಯಾಕೆ ಹೇಳಲಿಲ್ಲ?" ಎಂದೆ. "ನೀನು ಹೆಂಡದ ಹೆಸರೆತ್ತಿದರೆ ನಡುಗುತ್ತಿದ್ದೆ. ನಿಮ್ಮಪ್ಪನ ಕಥೆ ಮುಂದೆ ಇದನ್ನ ತಂದು ಇಟ್ಟರೆ ಜಗಳ ಆಗ್ತದೆ ಅನ್ನಿಸ್ತು. ಆಮೇಲೆ ಅಭ್ಯಾಸ ಆಗೋಯ್ತು" ಎಂದರು. ಅಷ್ಟೇ. ಅದಕ್ಕಿಂತ ಹೆಚ್ಚು ಇವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕುಡಿಯುವ ಆಸೆಯಿಂದಲ್ಲ ಎಂದು ಮಗಳಿಗೆ ಹೇಳಿದ್ದು ಈಗ ತಿಳಿಯಿತು.

ಹಾಗೆಂದು ಅತ್ತಮ್ಮ ಹೆಂಡಕ್ಕೆ ಹೂಮಾಲೆ ಹಾಕುವವರಲ್ಲ. ಮಧ್ಯಾಹ್ನ ಒಲೆಯ ಮುಂದೆ ಅವರು ಮುದ್ದೆ ತೊಳೆಸುತ್ತ, ನಾನು ಹಿತಕಿದ ಬೇಳೆಗೆ ಕೊಬ್ಬರಿ ಅರೆಯುತ್ತ ಕುಳಿತಾಗ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಇವರ ಸೋದರಮಾವ, ಅಂದರೆ ಅತ್ತಮ್ಮನ ಗಂಡ, ತಂದೆಯ ಹಾಗಲ್ಲ. ಇಳಿಸಿದ್ದರಲ್ಲಿ ಕಾಲುಪಾಲು ತಾನೇ ಕುಡಿಯುತ್ತಿದ್ದ, ಕುಡಿದ ದಿನ ಕೈ ಎತ್ತುತ್ತಿದ್ದ. "ಸೀ ಹೆಂಡ ಅಂತ ಏಟು ಸೀಯಾಗ್ತದಾ?" ಎಂದರು. ನೆಲ್ಲೂರು ಜಿಲ್ಲೆಯ ದೂಬಗುಂಟೆಯ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿಗಳ ವಿರುದ್ಧ ಎದ್ದರಲ್ಲ, ಅಕ್ಷರ ಕಲಿಯಲು ರಾತ್ರಿ ಶಾಲೆಗೆ ಬಂದವರು ಪಾಠದ ಪುಸ್ತಕದಲ್ಲಿ ತಮ್ಮದೇ ಕಥೆ ಓದಿ ಎದ್ದ ಹೆಂಗಸರು, ಆ ಗಾಳಿ ಈ ಊರಿಗೂ ಬೀಸಿತ್ತಂತೆ. ಪೊರಕೆ ಹಿಡಿದು ಸಾರಾಯಿ ಅಂಗಡಿಯ ಮುಂದೆ ನಿಂತವರಲ್ಲಿ ಅತ್ತಮ್ಮನೂ ಒಬ್ಬರು. 1993ರ ಅಕ್ಟೋಬರಿನಲ್ಲಿ ಆಂಧ್ರದಲ್ಲಿ ಸಾರಾಯಿ ನಿಂತಿತು. "ಹೆಂಡ ಮಾರೋ ನೀವು ಸಾರಾಯಿ ಅಂಗಡಿ ಮುಂದೆ ನಿಂತ್ರಾ?" ಎಂದೆ. "ಮಾರೋದು ಹೊಟ್ಟೆಗೆ. ನಿಂತಿದ್ದು ಬೆನ್ನಿಗೆ" ಎಂದರು.

ನಮ್ಮಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅಮ್ಮ ಆಗ ಬದುಕಿದ್ದಳು. ಆ ದಿನ ಒಬ್ಬಟ್ಟು ಮಾಡಿ, ಅಪ್ಪನ ಫೋಟೋದ ಮುಂದೆ ಇಟ್ಟು, "ತಗೊಳ್ಳಿ" ಎಂದಳು. ಅದರಲ್ಲಿ ಎಷ್ಟು ಪ್ರೀತಿಯಿತ್ತು, ಎಷ್ಟು ಕುಹಕವಿತ್ತು ನನಗೆ ಇಂದಿಗೂ ಬಿಡಿಸಲಾಗಿಲ್ಲ. ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ, ಆಚೆ ಕೃಷ್ಣಗಿರಿಯ ಕಡೆ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದಾಗ ಅಮ್ಮ ಟಿ.ವಿ. ಆರಿಸಿ ಮಲಗಿಬಿಟ್ಟಳು. ಇದನ್ನು ಹೇಳಿದಾಗ ಅತ್ತಮ್ಮ ಕೋಲು ತಿರುಗಿಸುವುದನ್ನು ನಿಲ್ಲಿಸಿ, ಮುದ್ದೆಯ ಬಿಸಿ ಕೈಯಲ್ಲೇ ನನ್ನ ಮೊಣಕೈ ಮುಟ್ಟಿದರು.

ಊಟದ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ಒರಳಲ್ಲಿ ಅರೆದ ಮಸಾಲೆಯ ನಾಟಿ ಕೋಳಿ ಸಾರು, ತೆಳ್ಳಗೆ, ಕೆಂಪಗೆ, ಮೇಲೆ ಎಣ್ಣೆ ತೇಲುತ್ತ. ಮುದ್ದೆ. ಹಿತಕಿದ ಬೇಳೆಯ ಗೊಜ್ಜು. ಈರುಳ್ಳಿ ಹೋಳು. ಊಟದ ಜೊತೆ ನಾನೇ, "ನನಗೂ ಅರ್ಧ ಲೋಟ ಕೊಡಿ" ಎಂದೆ. ಯಾರೂ ಆಶ್ಚರ್ಯ ತೋರಿಸಲಿಲ್ಲ, ತೋರಿಸಿದ್ದರೆ ಬೇಡವೆನ್ನುತ್ತಿದ್ದೆನೇನೋ. ಮೂಗಿನ ಹತ್ತಿರ ತಂದಾಗ ಎದೆ ಹೊಡೆದುಕೊಂಡಿತು. ಅಪ್ಪನ ವಾಸನೆ ಬರುತ್ತದೆಂದು ಕಾದಿದ್ದೆ. ಬರಲಿಲ್ಲ. ಬಂದದ್ದು ಬೇಸಿಗೆಯಲ್ಲಿ ಉಕ್ಕಿ ಪಾತ್ರೆಯಿಂದ ಚೆಲ್ಲಿದ ದೋಸೆ ಹಿಟ್ಟಿನ ವಾಸನೆ. ರುಚಿ? ಎಳನೀರು ಹುಳಿದು, ಅದಕ್ಕೆ ಯಾರೋ ಸೋಡಾ ಬೆರೆಸಿದ ಹಾಗೆ. ನನಗೆ ಹಿಡಿಸಲಿಲ್ಲ. ಎರಡು ಗುಟುಕು ಕುಡಿದು ಲೋಟವನ್ನು ಇವರ ಕಡೆ ಸರಿಸಿ, "ಮುಗಿಸಿ, ಎಸೆಯಬಾರದು" ಎಂದೆ. ಇವರು ಮುಗಿಸಿದರು. ಎಣಿಕೆಗೆ ಇದು ಮೂರನೆಯದೋ ಎರಡೂವರೆಯೋ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಆ ವಾಸನೆಗೆ ಇನ್ನೊಂದು ನೆನಪೂ ಬಂತು. ಹಲಸೂರಿನ ವಠಾರದ ಕೊನೆಯ ಮನೆಯಲ್ಲಿ ತಮಿಳು ಕ್ರಿಶ್ಚಿಯನ್ ಆಂಟಿಯೊಬ್ಬರು ಕ್ರಿಸ್‌ಮಸ್ಸಿಗೆ ಆಪ್ಪಂ ಮಾಡುತ್ತಿದ್ದರು. ಅಂಚು ಜರತಾರಿಯ ಹಾಗೆ, ನಡು ಹತ್ತಿಯ ಹಾಗೆ. ಹಿಟ್ಟಿಗೆ ಏನು ಹಾಕುತ್ತೀರಿ ಎಂದು ಅಮ್ಮ ಎಷ್ಟು ಕೇಳಿದರೂ ಆಂಟಿ ನಕ್ಕು ಸುಮ್ಮನಾಗುತ್ತಿದ್ದರು. ಅದು ಇದೇ ವಾಸನೆ! ಸಾರಾಯಿಯನ್ನು ಶಪಿಸುತ್ತಿದ್ದ ಅಮ್ಮನೂ ನಾನೂ ವರ್ಷಕ್ಕೊಮ್ಮೆ ಕಳ್ಳು ಹಾಕಿದ ಆಪ್ಪಂ ಚಪ್ಪರಿಸಿಕೊಂಡು ತಿಂದಿದ್ದೆವು. ಇದನ್ನು ಕೇಳಿ ಅತ್ತಮ್ಮ ಒಳಗೆ ಹೋಗಿ ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಹೆಂಡ ತುಂಬಿ ತಂದು, "ದ್ವಾಸೆ ಹಿಟ್ಟಿಗೆ ಹಾಕು, ಒಂದು ಚಮಚ" ಎಂದು ನನ್ನ ಬ್ಯಾಗಿಗೆ ತುರುಕಿದರು. ಗಡಿ ದಾಟಿಸುವುದು ತಪ್ಪೆಂದು ಗೊತ್ತಿತ್ತು. ಬೇಡವೆನ್ನುವ ಧೈರ್ಯ ಆ ದಿನ ಇರಲಿಲ್ಲ.

ಹುದುಗುವ ಪದಾರ್ಥದ ಬಾಯಿ ಬಿಗಿಯಬಾರದು ಎಂಬುದು ಉಪ್ಪಿನಕಾಯಿ ಹಾಕುವ ಯಾವ ಹೆಂಗಸಿಗೂ ಗೊತ್ತು. ನನಗೂ ಗೊತ್ತು. ಆದರೂ ನಂಗಲಿಯಲ್ಲಿ ಬಸ್ಸು ಹತ್ತುವಾಗ ಹೆದರಿಕೆಗೆ ಮುಚ್ಚಳವನ್ನು ಇನ್ನೆರಡು ಸುತ್ತು ತಿರುಗಿಸಿದೆ. ಕೋಲಾರ ದಾಟಿ, ಬಸ್ಸಿನಲ್ಲಿ ಎಲ್ಲರೂ ತೂಕಡಿಸುತ್ತಿದ್ದಾಗ ನನ್ನ ಮಡಿಲಲ್ಲಿ 'ಟಪ್' ಎಂದಿತು. ಮುಚ್ಚಳ ಎಲ್ಲಿ ಹಾರಿತೋ, ನೊರೆ ಬ್ಯಾಗಿನಿಂದ ಉಕ್ಕಿ ಸೀರೆಯ ಮೇಲೆಲ್ಲ ಹರಿಯಿತು. ಇಡೀ ಬಸ್ಸಿಗೆ ವಾಸನೆ. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು, ತಿರುಗಿ ನೋಡಿದ್ದು ನನ್ನನ್ನಲ್ಲ, ಇವರನ್ನು. "ಈ ವಯಸ್ಸಿಗೆ, ಹೆಂಡತೀನ ಪಕ್ಕದಲ್ಲಿ ಕೂರಿಸ್ಕೊಂಡು..." ಎಂದು ಗೊಣಗಿದಳು. ಕಂಡಕ್ಟರ್ ಎದ್ದು ಬಂದ. ಇವರು ಬಾಯಿ ಬಿಡಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತರು, ಪೇಪರು ಓದುತ್ತ ಕುಳಿತಿರುತ್ತಿದ್ದ ಹಾಗೆಯೇ.

"ಅವರದ್ದಲ್ಲ ರೀ. ನಂದು" ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು, ಹಿಂದಿನ ಸೀಟಿನವರೂ ಎದ್ದು ನೋಡಿದರು. "ದೋಸೆಗೆ."

"ಎಲ್ಲಾರೂ ದೋಸೆಗೇ ಅನ್ನೋದು ಮೇಡಂ" ಎಂದ ಕಂಡಕ್ಟರ್. ಬಸ್ಸು ನಕ್ಕಿತು. ಸೀಟು ಒರೆಸಲು ಹಳೆಯ ಪೇಪರು ಕೊಟ್ಟು ಹೋದ, ಪುಣ್ಯಾತ್ಮ.

ಟಿನ್ ಫ್ಯಾಕ್ಟರಿಯಲ್ಲಿ ಇಳಿದಾಗ ಎಂಟಾಗಿತ್ತು. ಸೀರೆಯ ಒದ್ದೆ ನೆರಿಗೆ ಹಿಡಿದುಕೊಂಡು ಆ ಜನಜಂಗುಳಿಯಲ್ಲಿ ರಸ್ತೆ ದಾಟುವಾಗ ಇವರು ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡರು. ಮನೆಗೆ ಬಂದು ನೋಡಿದರೆ ಬಾಟಲಿಯ ತಳದಲ್ಲಿ ಮೂರು ನಾಲ್ಕು ಚಮಚ ಉಳಿದಿತ್ತು. ಸ್ನಾನ ಮಾಡಿ, ಸೀರೆ ನೆನೆಸಿ, ಅಕ್ಕಿಯನ್ನೂ ನೆನೆಹಾಕಿ ಬರುವಷ್ಟರಲ್ಲಿ ಮಗಳ ಫೋನು.

"ಏನಮ್ಮಾ, ಅಪ್ಪ ಎಷ್ಟು ಕುಡಿದ್ರು?" ಎಂದು ನಗುತ್ತಿದ್ದಳು.

"ಅದಿರಲಿ. ನಿಮ್ಮಪ್ಪನ ತಾತ ಹೇಗೆ ತೀರಿಕೊಂಡರು ಅಂತ ನಾನು ನಿಂಗೆ ಹೇಳಿದ್ದೆನಲ್ಲ" ಎಂದೆ. ಇವರು ಅಲ್ಲೇ ಕುರ್ಚಿಯಲ್ಲಿದ್ದರು, ಕೈಯಲ್ಲಿ ಪೇಪರಿರಲಿಲ್ಲ. "ಅದು ತಪ್ಪು. ಕೂತ್ಕೊ, ಹೇಳ್ತೀನಿ."